ಅಮಾವಾಸ್ಯೆಯ ಮರುದಿನ ಏಳದ ದೊಡ್ಡಪ್ಪ

ಪಾಪಿನಾಯಕನಹಳ್ಳಿಯಲ್ಲಿ ಬಸ್ಸು ನಿಲ್ಲುವ ಕಡೆ ಯಾವುದಾದರೂ ಬೈಕು ಕೆಮ್ಮಿ ನಿಂತರೆ ಸಾಕು, ಅದರ ಯಜಮಾನ ಕೆಳಗಿಳಿಯುವ ಮೊದಲೇ ವೈದ್ಯರು ಹುಟ್ಟಿಕೊಳ್ಳುತ್ತಾರೆ. ಒಬ್ಬ ಪ್ಲಗ್ ಬಿಚ್ಚು ಅನ್ನುತ್ತಾನೆ. ಇನ್ನೊಬ್ಬ ಗಾಡಿಯನ್ನು ಮಗ್ಗುಲಿಗೆ ಮಲಗಿಸಿ ಎಬ್ಬಿಸು ಅನ್ನುತ್ತಾನೆ. ಮತ್ತೊಬ್ಬ ಏನೂ ಅನ್ನದೆ ಟ್ಯಾಂಕಿನ ಮುಚ್ಚಳ ತೆಗೆದು, ಬಾವಿಗೆ ಬಿದ್ದ ಕೊಡ ಹುಡುಕುವವನ ಹಾಗೆ ಒಳಗೆ ಇಣುಕುತ್ತಾನೆ. ದ್ಯಾಮಕ್ಕನ ಚಹಾದಂಗಡಿಯ ಕಲ್ಲುಬೆಂಚಿನ ಮೇಲೆ ಕೂತ ಪಕ್ಕೀರಪ್ಪ ಮಾತ್ರ ಅಲುಗಾಡುವುದಿಲ್ಲ. ಚಹಾ ಮುಗಿಯಬೇಕು, ಲೋಟ ಕೆಳಗಿಡಬೇಕು, ಮೀಸೆ ಒರೆಸಿಕೊಳ್ಳಬೇಕು. ಆಮೇಲೆ ಕಣ್ಣು ಮುಚ್ಚುತ್ತಾನೆ.

"ಇನ್ನೊಮ್ಮಿ ಕಿಕ್ ಹೊಡಿ ನೋಡೋಣು," ಅನ್ನುತ್ತಾನೆ.

ಕಿಕ್ಕಿನ ಸದ್ದು ಕೇಳಿ, ತುಸು ಹೊತ್ತು ಸುಮ್ಮನಿದ್ದು, ಕಣ್ಣು ತೆರೆಯದೆಯೇ ತೀರ್ಪು ಕೊಡುತ್ತಾನೆ. "ಪ್ಲಗ್ ಹಸಿ ಆಗೈತಿ. ಬಿಚ್ಚಿ ಬಿಸಿಲಿಗಿಡು. ಅಷ್ಟೊತ್ತಿಗೆ ಒಂದು ಚಾ ಕುಡಿ."

ಬಹಳ ಸಲ ಅವನು ಹೇಳಿದ್ದು ಸರಿಯಾಗಿಯೇ ಇರುತ್ತದೆ. ತಪ್ಪಾದದ್ದನ್ನು ಊರು ಮರೆಯುತ್ತದೆ, ದ್ಯಾಮಕ್ಕ ಮರೆಯುವುದಿಲ್ಲ.

"ಅಣ್ಣಾ, ಮೊನ್ನಿ ಮೇಷ್ಟ್ರ ಗಾಡಿ ಕಾರ್ಬುರೇಟರ್ ಪೂರ್ತಿ ಬಿಚ್ಚಿಸಿದಿ. ಕಡೀಕ ನೋಡಿದ್ರ ಪೆಟ್ರೋಲ್ ಇದ್ದಿಲ್ಲ."

"ಪೆಟ್ರೋಲ್ ಇಲ್ಲದ್ದು ಕಿವಿಗೆ ಕೇಳಂಗಿಲ್ಲ ದ್ಯಾಮಕ್ಕ," ಅನ್ನುತ್ತಾನೆ ಪಕ್ಕೀರಪ್ಪ, ಸೋಲದೆ.

ಅವನು ಮೆಕ್ಯಾನಿಕ್ ಅಲ್ಲ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ದುಡಿದು ನಿವೃತ್ತನಾದವನು. ಸಂಡೂರಿನ ಕಡೆ ವಡ್ಡುವಿನಿಂದ ಹಿಡಿದು ಕಂಪ್ಲಿಯ ಕಡೆ ಮೆಟ್ರಿಯವರೆಗೆ ಅವನು ಹತ್ತದ ಕಂಬವಿಲ್ಲ. ಗಾಳಿಗೆ ಬಾಳೆ ಮುರಿದು ತಂತಿಯ ಮೇಲೆ ಬಿದ್ದರೂ ಅವನೇ, ಕಬ್ಬಿನ ಗದ್ದೆಯ ಪಂಪಿಗೆ ಕರೆಂಟು ಬಾರದಿದ್ದರೂ ಅವನೇ. ಆ ಎಲ್ಲ ಊರುಗಳಲ್ಲಿ ಅವನು ಬಿಟ್ಟು ಬಂದ ಮಾತು ಒಂದೇ: ಅರ್ಥಿಂಗ್ ಗುಂಡಿಗೆ ನೀರು ಹಾಕಿ. ನಮ್ಮ ಕಡೆಯ ಬೇಸಿಗೆಗೆ ಗೋಡೆಯ ಪಕ್ಕ ಮನೆಯ ತಂತಿ ಮಣ್ಣಿಗೆ ಇಳಿದ ಆ ಗುಂಡಿ ಒಣಗಿ ಬಿರಿಯುತ್ತದೆ. ಒಣಗಿದರೆ ದಾರಿ ತಪ್ಪಿದ ಕರೆಂಟು ನೆಲಕ್ಕೆ ಇಳಿಯುವುದಿಲ್ಲ, ಮನೆಯವರ ಕೈಗೆ ಹೊಡೆಯುತ್ತದೆ.

"ಕರೆಂಟು ಅಂದ್ರ ಮಂಗನಂಥದ್ದು. ಓಡೋದು ಅಷ್ಟ ಗೊತ್ತು ಅದಕ್ಕ. ಮನಿಗೆ ಹೋಗೋ ದಾರಿ ನಾವ ತೋರಿಸ್ಬೇಕು. ದಾರಿ ಒಣಗಿಸಬ್ಯಾಡ್ರಿ. ನೀರು ಹಾಕ್ರಿ, ಉಪ್ಪು ಹಾಕ್ರಿ," ಎಂದು ಬಾಗಿಲು ಬಾಗಿಲಿಗೆ ಹೇಳುತ್ತಿದ್ದ. ವಡ್ಡುವಿನ ಹೆಣ್ಣುಮಕ್ಕಳು ಅವನಿಗೆ 'ನೀರು ಹಾಕ್ರಿ ಪಕ್ಕೀರಪ್ಪ' ಎಂದೇ ಹೆಸರಿಟ್ಟಿದ್ದರು. ಹೆಂಡತಿ ನಿಂಗಕ್ಕ ಗಂಡನ ಮಾತುಗಳನ್ನು ಅಕ್ಕಿ ಆರಿಸಿದಂತೆ ಆರಿಸಿ, ಬಹಳಷ್ಟನ್ನು ಕಲ್ಲಿನ ಜೊತೆ ಎಸೆಯುವವಳು. ಈ ಮಾತನ್ನು ಮಾತ್ರ ಉಳಿಸಿಕೊಂಡಿದ್ದಳು. ಬೆಳಗ್ಗೆ ಎದ್ದರೆ ಕರಿಬೇವಿನ ಗಿಡಕ್ಕಿಂತ ಮೊದಲು ಗೋಡೆಯ ಪಕ್ಕದ ಗುಂಡಿಗೆ ಒಂದು ಕೊಡ ನೀರು.

ಆ ಓಡಾಟಕ್ಕೆಲ್ಲ ಜೊತೆಯಾದದ್ದು ಒಂದು ಹಳೆಯ ಮೋಟರ್‌ಸೈಕಲ್ಲು. ಸಂಡೂರಿನ ಗಣಿಯೊಂದರಲ್ಲಿ ಗುಮಾಸ್ತನಾಗಿದ್ದವನಿಂದ ಕೊಂಡದ್ದು. ಬಂದಾಗಲೇ ಅದಕ್ಕೆ ವಯಸ್ಸಾಗಿತ್ತು. ಮೊದಲ ಸಲ ತೊಳೆದಾಗ ಅಂಗಳದ ತುಂಬ ಕೆಂಪು ನೀರು ಹರಿಯಿತು. ಅದಿರಿನ ಧೂಳು ಅದರ ಸಂದುಗೊಂದುಗಳಲ್ಲಿ ಕೂತು, ಎಷ್ಟು ತೊಳೆದರೂ ಎಲ್ಲಿಂದಲೋ ಇನ್ನಷ್ಟು ಕೆಂಪು ಇಳಿಯುತ್ತಿತ್ತು. ಮಗಳು ಶಿಲ್ಪಶ್ರೀ ಚಿಕ್ಕವಳಿದ್ದಾಗ ಅದು ಕೆಮ್ಮುವುದನ್ನು ಕೇಳಿ, ಇದು ಅಪ್ಪನಿಗಿಂತ ಜೋರಾಗಿ ಕೆಮ್ಮುತ್ತದೆ, ಆದ್ದರಿಂದ ಇದು ದೊಡ್ಡಪ್ಪ ಎಂದು ತೀರ್ಮಾನಿಸಿದಳು. ಅಂದಿನಿಂದ ಅದು ಮನೆಯಲ್ಲಿ ದೊಡ್ಡಪ್ಪನೇ. 'ದೊಡ್ಡಪ್ಪ ಎದ್ದನೇನು?' 'ದೊಡ್ಡಪ್ಪನ್ನ ನೆರಳಿಗೆ ನಿಲ್ಸು.' ಹೊಸದಾಗಿ ಬಂದ ಬೀಗರು ಒಮ್ಮೆ ಗಾಬರಿಯಾಗಿ, ಮನೆಯಲ್ಲಿ ಹಿರಿಯರಿದ್ದಾರೆ, ನಾವು ಕಾಲಿಗೆ ಬೀಳಲೇ ಇಲ್ಲವಲ್ಲ ಎಂದು ಪೇಚಾಡಿದ್ದೂ ಉಂಟು.

ನಿಂಗಕ್ಕನಿಗೆ ಅದು ಬೇರೆಯೇ ಆಗಿತ್ತು. ಲೈನ್‌ಮನ್ನನ ಹೆಂಡತಿಗೆ ಸಂಜೆ ಎಂಬುದು ಕಿವಿಯಲ್ಲಿ ಇರುತ್ತದೆ. ಕಾಲುವೆಯ ತಿರುವಿನಲ್ಲಿ ದೊಡ್ಡಪ್ಪನ ಗುಡುಗುಡು ಕೇಳಿತೆಂದರೆ ಇವತ್ತೂ ಗಂಡ ಕಂಬದಿಂದ ಕ್ಷೇಮವಾಗಿ ಇಳಿದ ಎಂದು ಅರ್ಥ. ಆ ಸದ್ದು ಕೇಳಿದ ಮೇಲೆಯೇ ಆಕೆ ರೊಟ್ಟಿಯ ಹಂಚನ್ನು ಒಲೆಯ ಮೇಲೆ ಇಡುತ್ತಿದ್ದಳು. ಇದನ್ನು ಆಕೆ ಯಾರಿಗೂ ಹೇಳಿದವಳಲ್ಲ. ಪಕ್ಕೀರಪ್ಪನಿಗೆ ಗೊತ್ತಿದ್ದದ್ದು ಇಷ್ಟೇ: ತಾನು ಎಷ್ಟು ಹೊತ್ತಿಗೆ ಬಂದರೂ ರೊಟ್ಟಿ ಬಿಸಿ ಇರುತ್ತದೆ.

ಕಂಬದಿಂದ ಒಮ್ಮೆಯೂ ಬೀಳದವನನ್ನು ಬೀಳಿಸಿದ್ದು ದೊಡ್ಡಪ್ಪನ ಕಿಕ್ಕರ್. ನಿವೃತ್ತಿಯಾದ ವರ್ಷ, ಒಂದು ಚಳಿಯ ಬೆಳಗ್ಗೆ ತುಳಿದದ್ದು ಅರ್ಧಕ್ಕೆ ನಿಂತು, ಕತ್ತೆ ಒದ್ದ ಹಾಗೆ ತಿರುಗಿ ಹೊಡೆಯಿತು. ಮಂಡಿ ಊದಿತು. ಹೊಸಪೇಟೆಯ ಡಾಕ್ಟರು ಇನ್ನು ಕಿಕ್ ಹೊಡೆಯುವಂತಿಲ್ಲ ಅಂದರು. ಗಾಡಿ ಬಿಡುವ ಮಾತು ಬಂದಾಗ ದಾರಿ ತೋರಿಸಿದವನು ಹೊಸಪೇಟೆಯ ಮೆಕ್ಯಾನಿಕ್ ಲಿಂಗರಾಜ್.

"ಕಾಕಾ, ಇದಕ್ಕ ಸೆಲ್ಫ್ ಕೂಡಿಸ್ತೀನಿ. ಬಟನ್ ಒತ್ರಿ, ಏಳ್ತೈತಿ. ಮಂಡಿ ಕೆಲಸ ಹೆಬ್ಬೆಟ್ಟಿಗೆ."

ಸೆಲ್ಫ್ ಸ್ಟಾರ್ಟರ್ ಕೂಡಿಸಿದ ದಿನ ನಿಂಗಕ್ಕನೂ ಹೋಗಿದ್ದಳು. ಗಂಡನ ಮಂಡಿಗೆ ಹೊಡೆದ ಕಿಕ್ಕರ್ ಬಿಚ್ಚಿ ಹೊರಗೆ ಬರುವುದನ್ನು ಕಣ್ಣಾರೆ ನೋಡುವುದಿತ್ತು ಆಕೆಗೆ. ಲಿಂಗರಾಜ್ ಆಕೆಗೆ ಎಲ್ಲವನ್ನೂ ತೋರಿಸಿದ. ಇದು ಬಟನ್, ಇದು ಬ್ಯಾಟರಿ. ಬ್ಯಾಟರಿಯಿಂದ ಹೊರಟ ದಪ್ಪ ತಂತಿಯೊಂದು ಕೆಳಗಿಳಿದು ಗಾಡಿಯ ಕಬ್ಬಿಣಕ್ಕೆ ಒಂದು ಬೋಲ್ಟಿನಲ್ಲಿ ಕೂತಿತ್ತು. ಮನೆಯ ಗೋಡೆಯ ಪಕ್ಕದ ಗುಂಡಿಗೆ ಇಳಿದ ತಂತಿಯ ಹಾಗೆಯೇ.

"ಇದು ಅರ್ಥಿಂಗ್ ಚಿಗವ್ವ," ಅಂದ ಲಿಂಗರಾಜ್. "ಇದೊಂದು ಕೈ ಕೊಟ್ರ ಎಲ್ಲಾ ಕೈ ಕೊಡ್ತೈತಿ."

ನಿಂಗಕ್ಕ ಬಗ್ಗಿ ನೋಡಿದಳು. ಏನೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ಬ್ಯಾಟರಿ ಡಬ್ಬಿಯ ಮೇಲೆ ದೇವಿ ಹುಲಿಗೆಮ್ಮನ ಒಂದು ಚಿತ್ರ ಅಂಟಿಸಿದಳು. ಬೋಲ್ಟು ಅದರ ಕೆಳಗೆ, ಸರಿಯಾಗಿ ಅಮ್ಮನ ಪಾದದ ಬುಡದಲ್ಲಿತ್ತು.

ಕೆಲವು ತಿಂಗಳು ದೊಡ್ಡಪ್ಪ ಹರೆಯದವನ ಹಾಗೆ ಎದ್ದ. ಪಕ್ಕೀರಪ್ಪ ದ್ಯಾಮಕ್ಕನ ಅಂಗಡಿಯ ಮುಂದೆ ಸುಮ್ಮಸುಮ್ಮನೆ ಆರಿಸಿ ಮತ್ತೆ ಎಬ್ಬಿಸುತ್ತಿದ್ದ. ಹೆಬ್ಬೆಟ್ಟನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ, ಆಮೇಲೆ ಬಟನ್ ಮೇಲೆ ಇಳಿಸುತ್ತಿದ್ದ.

ಆಮೇಲೆ ಶುರುವಾಯಿತು. ಬಟನ್ ಒತ್ತಿದರೆ ಎಂಜಿನ್ ತಿರುಗುವ ಬದಲು ಒಳಗೆಲ್ಲೋ 'ಟಿಕ್' ಅನ್ನುವುದು. ಹೆಡ್‌ಲೈಟ್ ಉರಿಯುತ್ತಿದ್ದದ್ದು ಆ ಕ್ಷಣಕ್ಕೆ ಕಣ್ಣು ಮುಚ್ಚುವುದು. ಇದು ಬ್ಯಾಟರಿಯದೇ ರೋಗ ಎಂದು ಊರಿಗೆ ಊರೇ ಹೇಳಿತು. ಹೊಸ ಬ್ಯಾಟರಿ ಬಂತು. ಸ್ವಲ್ಪ ದಿನ ಸರಿ, ಮತ್ತೆ ಟಿಕ್. ಲಿಂಗರಾಜ್ ರಿಲೇ ಬದಲಿಸಿದ. ಸ್ಟಾರ್ಟರ್ ಮೋಟರ್ ಬಿಚ್ಚಿ ಒಳಗೆಲ್ಲ ಒರೆಸಿದ. ಪ್ರತಿ ಸಲವೂ ಕೊನೆಗೆ ಅಮ್ಮನ ಪಾದದ ಬುಡದ ಆ ಬೋಲ್ಟಿಗೂ ಸ್ಪ್ಯಾನರ್ ಹಾಕಿ ಒಂದು ಸುತ್ತು ಬಿಗಿ ಮಾಡುತ್ತಿದ್ದ. ಅದರ ಮೇಲೆ ಅರಿಶಿನ ಕುಂಕುಮ ವಿಭೂತಿ ಗಟ್ಟಿಯಾಗಿ ಕೂತಿರುತ್ತಿತ್ತು. ಪೂಜೆಯಾದ ಜಾಗವನ್ನು ಕೆರೆಯುವುದುಂಟೇ? ಸ್ಪ್ಯಾನರನ್ನು ಕಣ್ಣಿಗೆ ಒತ್ತಿಕೊಂಡು, ಕುಂಕುಮದ ಮೇಲಿಂದಲೇ ಹಾಕಿ ತಿರುಗಿಸಿ, "ಟೈಟ್ ಐತಿ," ಅನ್ನುತ್ತಿದ್ದ. ದೊಡ್ಡಪ್ಪ ಏಳುತ್ತಿದ್ದ. ಮುಂದಿನ ತಿಂಗಳು ಮತ್ತೆ ಟಿಕ್.

"ಎಲ್ಲಾರ ಗಾಡಿ ರೋಗ ಕಣ್ಣು ಮುಚ್ಚಿ ಹೇಳ್ತಿ," ಅಂದಳು ದ್ಯಾಮಕ್ಕ, ಅವನು ನಡೆದುಕೊಂಡು ಚಹಾಕ್ಕೆ ಬಂದ ಒಂದು ದಿನ. "ನಿನ್ನ ಗಾಡೀದು ಮಾತ್ರ ಗೊತ್ತಾಗವಲ್ದೇನು?"

"ಮನಿ ಮಂದಿಗೆ ಡಾಕ್ಟರು ಔಷಧ ಕೊಡಂಗಿಲ್ಲ ದ್ಯಾಮಕ್ಕ."

"ಏನೋಪ. ನಾ ಒಂದು ನೋಡೀನಿ. ಅಮಾವಾಸ್ಯಿ ದಿನ ನಾ ನಿಂಬಿಹಣ್ಣು ಮಾರ್ತೀನಿ. ಮರುದಿನ ನೀ ನಡಕೊಂತ ಬರ್ತಿ. ಪ್ರತಿ ಸಲ."

ಪಕ್ಕೀರಪ್ಪ ನಕ್ಕ. "ನನ್ನ ಬ್ಯಾಟರಿ ಏನು ಬೆಳದಿಂಗಳಾಗ ಚಾರ್ಜ್ ಆಗ್ತೈತೇನು, ಚಂದ್ರ ಇಲ್ಲಂದ್ರ ಸಾಯಾಕ?"

ನಕ್ಕನೇ ಹೊರತು ಆ ಮಾತು ಚಪ್ಪಲಿಯಲ್ಲಿ ಸಿಕ್ಕ ಮುಳ್ಳಿನ ಹಾಗೆ ಮನೆಯವರೆಗೂ ಬಂತು.

ಅಷ್ಟರಲ್ಲಿ ಮೆಟ್ರಿಯ ಘಟನೆ ನಡೆಯಿತು. ಶಿಲ್ಪಶ್ರೀಯನ್ನು ಮದುವೆ ಮಾಡಿಕೊಟ್ಟದ್ದು ಮೆಟ್ರಿಗೆ. ಕಂಪ್ಲಿಯ ಹೈಸ್ಕೂಲಿನಲ್ಲಿ ಆಕೆ ಟೀಚರು. ಮಗಳ ಮನೆಗೆ ಹೊರಟ ಪಕ್ಕೀರಪ್ಪ, ಕಾಲುವೆಯ ದಂಡೆಯಲ್ಲಿ ಕಾಲು ಚಾಚಿ ಕೂತು ಬೀಡಿ ಸೇದಿ ಎದ್ದು ಬಟನ್ ಒತ್ತಿದರೆ, ಟಿಕ್. ಕೊನೆಗೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರಿನವನು ಕರುಣೆ ತೋರಿಸಿದ. ಹೈಸ್ಕೂಲು ಬಿಟ್ಟು ಮನೆಗೆ ಬರುತ್ತಿದ್ದ ಮಗಳಿಗೆ ಕಂಡದ್ದು, ಹುಲ್ಲಿನ ಮೇಲೆ ಮಲಗಿಸಿದ ದೊಡ್ಡಪ್ಪನನ್ನು ಎಳೆಗರುವಿನ ಹಾಗೆ ತಬ್ಬಿ ಹಿಡಿದು ಕೂತ ತಂದೆ.

"ಅಪ್ಪಾ, ಸಾಕಿನ್ನ," ಅಂದಳು ಶಿಲ್ಪಶ್ರೀ, ಅವನ ತಲೆಯಿಂದ ಹುಲ್ಲು ಆರಿಸುತ್ತ. "ಇವತ್ತು ಹಗಲಾಗ, ಊರ ಹತ್ರ. ನಾಳೆ ಎಲ್ಲೋ ನಡುದಾರಿಯಾಗ ನಿಂತ್ರ? ಈ ಮಂಡಿ ಇಟ್ಕೊಂಡು ನೂಕ್ತಿಯೇನು? ತಗೊಳ್ಳೋರು ಒಬ್ರು ಅದಾರ. ನಾ ಕರಕೊಂಡು ಬರ್ತೀನಿ."

ಹಾಗೆ ಬಂದವನು ಭಾರ್ಗವ್. ಹಂಪಿಗೆ ಬರುವ ಪ್ರವಾಸಿಗರಿಗಾಗಿ ಕಮಲಾಪುರದ ಹತ್ತಿರ ಒಂದು ಊಟದ ಮನೆ ನಡೆಸುವವನು. ಒಳ್ಳೆಯ ಮಾತಿನವನು. ದ್ಯಾಮಕ್ಕನ ಅಂಗಡಿಯ ಮುಂದೆ ನಿಂತಿದ್ದ ದೊಡ್ಡಪ್ಪನನ್ನು ಸುತ್ತು ಹಾಕಿ ನೋಡಿದ. ಟ್ಯಾಂಕಿನ ಮೇಲೆ ಕೈಯಾಡಿಸಿದ. ಅವನ ಕೈ ಸರಿಯಾದ ಜಾಗದಲ್ಲಿ ನಿಲ್ಲುವುದನ್ನು ಕಂಡು ಪಕ್ಕೀರಪ್ಪನಿಗೆ ಮನಸ್ಸು ತುಸು ಕರಗಿತು ಕೂಡ.

"ಭಾಳ ಚಂದ ಅದ ಯಜಮಾನ್ರೆ," ಅಂದ ಭಾರ್ಗವ್. "ನಮ್ಮ ಬಾಗಿಲ ಮುಂದೆ ನಿಲ್ಲಿಸ್ತೀನಿ. ಸೀಟಿನ ಮೇಲೆ ಒಂದು ಹೂವಿನ ಕುಂಡ, ಹ್ಯಾಂಡಲ್ಲಿಗೆ ಎರಡು ಲಾಟೀನು. ಬಂದವರೆಲ್ಲ ಫೋಟೊ ತೆಗೆಸಿಕೊಳ್ತಾರೆ."

"ಮತ್ತ ಎಂಜಿನ್?"

"ಎಂಜಿನ್ ಬೇಕಾಗೋದಿಲ್ಲ. ಬೇಕಾದರೆ ನೀವೇ ಬಿಚ್ಚಿ ಇಟ್ಕೊಳ್ರಿ."

ಪಕ್ಕೀರಪ್ಪ ಲೋಟ ಕೆಳಗಿಟ್ಟ. ಹಿರಿಯರನ್ನು ಕರೆದೊಯ್ಯುತ್ತೇವೆ, ಹೃದಯ ಮಾತ್ರ ಬಿಟ್ಟು ಬನ್ನಿ ಅಂದ ಹಾಗಾಯಿತು ಅವನಿಗೆ. ಮೀಸೆ ಒರೆಸಿಕೊಂಡ. ಆಗ ಅವನ ಬಾಯಿಂದ ಬಂದ ಮಾತು ಅವನದೇ, ಯಾರೂ ಎಳೆದು ತೆಗೆದದ್ದಲ್ಲ.

"ಹಿಂಗ ಮಾಡೋಣು. ಮತ್ತೊಮ್ಮಿ ನೀವು ಬಂದ ದಿನ ಬಟನ್ ಒತ್ತೋದು ಒಂದ ಸಲ. ದೊಡ್ಡಪ್ಪ ಎದ್ದ ಅಂದ್ರ ನನ್ನವ. ಏಳಲಿಲ್ಲ ಅಂದ್ರ ನಿಮ್ಮವ, ಕುಂಡ ಇಡ್ರಿ, ಲಾಟೀನು ಕಟ್ರಿ. ಮಾತು ಅಂದ್ರ ಮಾತು."

"ಸೋಮವಾರ ಬೆಳಗ್ಗೆ ಬರ್ತೀನಿ," ಅಂದ ಭಾರ್ಗವ್ ಸಂತೋಷದಿಂದ.

ದ್ಯಾಮಕ್ಕ ಗೋಡೆಯ ಕ್ಯಾಲೆಂಡರಿನ ಕಡೆ ಒಮ್ಮೆ, ಪಕ್ಕೀರಪ್ಪನ ಕಡೆ ಒಮ್ಮೆ ನೋಡಿದಳು. ಅವರು ಹೋದ ಮೇಲೆ ಮೆಲ್ಲಗೆ ಅಂದಳು, "ಅಣ್ಣಾ, ಭಾನುವಾರ ಅಮಾವಾಸ್ಯಿ."

ಆ ವಾರ ಪಕ್ಕೀರಪ್ಪ ಬೇರೆಯವರ ಗಾಡಿಗೆ ಕಿವಿ ಕೊಡಲಿಲ್ಲ. ಭಾನುವಾರ ಬೆಳಗ್ಗೆಯೇ ಲಿಂಗರಾಜನನ್ನು ಕರೆಸಿದ. ಇಬ್ಬರೂ ಕೂಡಿ ದೊಡ್ಡಪ್ಪನ ನಾಡಿ ಹಿಡಿದು ನೋಡಿದರು. ಬ್ಯಾಟರಿ ತುಂಬಿತ್ತು, ರಿಲೇ ಹೊಸದು, ಪ್ಲಗ್ ಒಣಗಿತ್ತು. ಕೊನೆಗೆ ಕಣ್ಣಿಗೊತ್ತಿಕೊಂಡ ಸ್ಪ್ಯಾನರಿನಿಂದ ಬೋಲ್ಟಿಗೆ ಒಂದು ಸುತ್ತು. ಬಟನ್ ಒತ್ತಿದಾಗಲೆಲ್ಲ ಎದ್ದ ದೊಡ್ಡಪ್ಪ.

"ನಾಳೆ ಇದು ಏಳಲಿಲ್ಲ ಅಂದ್ರ ನಾ ಅಂಗಡಿ ಮುಚ್ಚಿ ಮಿರ್ಚಿ ಕರೀತೀನಿ ಕಾಕಾ," ಅಂದು ಹೋದ ಲಿಂಗರಾಜ್.

ಸಂಜೆ ನಿಂಗಕ್ಕ ಗಾಡಿಯ ಪೂಜೆ ಮಾಡಿದಳು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಪೂಜೆ ಆಗದ ಮನೆ ಇಲ್ಲ. ಗಾಲಿಗೆ ನಿಂಬೆಹಣ್ಣು, ಹ್ಯಾಂಡಲ್ಲಿಗೆ ಹೂವು, ಊದಿನಕಡ್ಡಿ, ಕಾಯಿ. ಪಕ್ಕೀರಪ್ಪ ಎಂದಿನಂತೆ ಎದುರಿಗೆ ನಿಂತು, ಕೈ ಮುಗಿದು, ಕಣ್ಣು ಮುಚ್ಚಿದ. ಕಾಯಿ ಒಡೆದ ಸದ್ದು ಕೇಳಿತು. ನೀರು ಸುರಿದ ಸದ್ದು ಕೇಳಿತು. ಹುಲಿಗೆಮ್ಮಾ, ನಾಳೆ ಒಂದು ದಿನ ಮಾನ ಕಾಯಿ ಎಂದು ಬೇಡಿಕೊಂಡ. ಕಣ್ಣು ತೆರೆದಾಗ ನಿಂಗಕ್ಕ ಮಂಗಳಾರತಿ ತಟ್ಟೆ ಮುಂದೆ ಹಿಡಿದಿದ್ದಳು.

ಸೋಮವಾರ ಬೆಳಕು ಹರಿಯುತ್ತಲೇ ಎದ್ದು, ಯಾರೂ ನೋಡದಾಗ ಒಮ್ಮೆ ಒತ್ತಿ ನೋಡಿಬಿಡೋಣ ಎಂದು ಬಟನ್ ಮೇಲೆ ಹೆಬ್ಬೆಟ್ಟಿಟ್ಟ.

ಟಿಕ್.

ಹೆಡ್‌ಲೈಟ್ ಕಣ್ಣು ಮುಚ್ಚಿತು. ಪಕ್ಕೀರಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ಬೈಯಲು ಯಾರೂ ಇರಲಿಲ್ಲ. ಸೀಟಿನ ಮೇಲೆ ಹೂವಿನ ಕುಂಡ ಕಂಡ ಹಾಗಾಯಿತು. ಕುಂಡದಲ್ಲಿ ಚೆಂಡುಹೂವಿನ ಗಿಡವನ್ನೇ ಹಾಕುತ್ತಾರೋ ಏನೋ ಎಂದು ಕೂಡ ಯೋಚಿಸಿದ. ದೊಡ್ಡಪ್ಪನನ್ನು ನೋಡಲಾಗದೆ ತಲೆ ತಗ್ಗಿಸಿದ. ತಗ್ಗಿಸಿದ ತಲೆಗೆ ನೆಲ ಕಂಡಿತು, ನೆಲದ ಮೇಲೆ ಇರುವೆಗಳು ಕಂಡವು.

ಗೋಡೆಯ ಬಿರುಕಿನಿಂದ ಹೊರಟ ಸಾಲು ಅಂಗಳ ದಾಟಿ, ದೊಡ್ಡಪ್ಪನ ಸ್ಟ್ಯಾಂಡಿನ ಕಾಲು ಹತ್ತಿ ಮೇಲೇರುತ್ತಿತ್ತು. ಪಕ್ಕೀರಪ್ಪ ಸುಮ್ಮನೆ ನೋಡಿದ. ಪೆಟ್ರೋಲ್, ಆಯಿಲ್, ಗ್ರೀಸ್ ಇದ್ದ ಕಡೆ ಇರುವೆಗೇನು ಕೆಲಸ? ಮಂಡಿ ಹಿಡಿದುಕೊಂಡು ಬಗ್ಗಿದ. ಸಾಲು ಚೈನು ದಾಟಿತು, ಬ್ಯಾಟರಿ ಡಬ್ಬಿಯ ಅಡಿಗೆ ಹೋಯಿತು, ಹುಲಿಗೆಮ್ಮನ ಪಾದದ ಬುಡದಲ್ಲಿ ನಿಂತಿತು. ಅಲ್ಲಿ, ಬೋಲ್ಟಿನ ಸುತ್ತ, ಜಾತ್ರೆ.

ಬೆರಳಿನಿಂದ ಮುಟ್ಟಿದ. ಅಂಟು. ನಾಲಿಗೆಗೆ ತಾಗಿಸಿದ. ಮೊದಲು ಸಿಹಿ, ಹಿಂದೆಯೇ ಒಂಚೂರು ಉಪ್ಪು.

ಕಾಯಿನೀರು.

ಪಕ್ಕೀರಪ್ಪ ಅಮ್ಮನಿಗೆ ಕೈ ಮುಗಿದು, ತಪ್ಪಾಯಿತೆಂದು ಹೇಳಿ, ಬೋಲ್ಟು ಬಿಚ್ಚಿದ. ಮೇಲಿದ್ದ ಕುಂಕುಮ ವಿಭೂತಿ ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ತಂತಿಯ ತುದಿ ಹಸಿರುಗಟ್ಟಿತ್ತು, ತಿಂಗಳುಗಟ್ಟಲೆ ತೊಳೆಯದ ತಾಮ್ರದ ಗಿಂಡಿಯ ಹಾಗೆ. ಲಿಂಗರಾಜ್ ತಿರುಗಿಸಿದಾಗಲೆಲ್ಲ ಆ ಹಸಿರು ಒಂದಿಷ್ಟು ಕೆರೆದು ಕರೆಂಟಿಗೆ ಸಂದು ಸಿಗುತ್ತಿತ್ತು. ಅಮಾವಾಸ್ಯೆ ಬಂದರೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಸಣ್ಣ ಹೊಟ್ಟೆಯ ಹೆಡ್‌ಲೈಟಿಗೆ ಆ ಸಂದು ಸಾಲುತ್ತಿತ್ತು. ಸ್ಟಾರ್ಟರಿನಂಥ ದೊಡ್ಡ ಹೊಟ್ಟೆಗೆ ಸಾಲುತ್ತಿರಲಿಲ್ಲ.

ಮರಳುಕಾಗದ ಹುಡುಕಿ ತಿಕ್ಕತೊಡಗಿದ. ಆಗ ನಿಂಗಕ್ಕ ಗುಂಡಿಗೆ ಹಾಕುವ ಕೊಡ ಹೊತ್ತು ಹೊರಗೆ ಬಂದಳು.

"ಅಯ್ಯ, ಪೂಜಿ ಮಾಡಿದ್ದನ್ನ ಯಾಕ ಕೆರಕೊಂತ ಕುಂತೀರಿ?"

"ನಿಂಗಿ, ಇದಕ್ಕ ಕಾಯಿನೀರು ಹಾಕಿದ್ದು ನೀನೇನು?"

"ಹೂಂ. ಪ್ರತಿ ಅಮಾವಾಸ್ಯಿಗೂ ಹಾಕ್ತೀನಿ. ಯಾಕ?"

"ಇಲ್ಲಿ ಯಾರರ ನೀರು ಹಾಕ್ತಾರೇನ ಲೇ?"

ನಿಂಗಕ್ಕ ಕೊಡ ಕೆಳಗಿಟ್ಟಳು. ಕೊಡ ಕೆಳಗಿಟ್ಟಳೆಂದರೆ ಮಾತು ಉದ್ದವಿದೆ ಎಂದು ಅರ್ಥ.

"ತಂತಿ ಬಂದು ಕುಂತಲ್ಲಿ ನೀರು ಹಾಕ್ರಿ, ಉಪ್ಪು ಹಾಕ್ರಿ, ಒಣಗಿಸಬ್ಯಾಡ್ರಿ ಅಂತ ಊರೂರು ಒದರಿದವರು ಯಾರು? ಬಾಜೂ ಮನಿ ಚೆನ್ನಬಸಮ್ಮ ಗುಂಡಿಗೆ ನೀರು ಹಾಕಲಿಲ್ಲ ಅಂತ ಆಕಿ ಕೂಡ ಜಗಳ ತಗದವರು ಯಾರು? ಆ ಲಿಂಗರಾಜ ತೋರಿಸಿದ, ಇದೊಂದು ಕೈ ಕೊಟ್ರ ಎಲ್ಲಾ ಕೈ ಕೊಡ್ತೈತಿ ಅಂದ. ದೊಡ್ಡಪ್ಪಗ ಬರೇ ನೀರು ಯಾಕ, ಕಾಯಿನೀರ ಹಾಕೋಣು, ಅದರಾಗ ಉಪ್ಪೂ ಇರ್ತೈತಿ ಅಂತ ಹಾಕಿದೆ. ಅದು ಏಳದಿದ್ದ ತಿಂಗಳು ಸಾಲಲಿಲ್ಲೇನೋ ಅಂತ ಇನ್ನೊಂದು ಕಾಯಿ ಜಾಸ್ತಿ ಒಡದೆ. ನಿನ್ನೆ ಮೂರು ಒಡದೀನಿ. ನಿಮ್ಮ ಮಾನದ ಪ್ರಶ್ನೆ ಅಂತ."

ಪಕ್ಕೀರಪ್ಪ ಮರಳುಕಾಗದ ಹಿಡಿದು ಹಾಗೆಯೇ ಕೂತ. ಮಣ್ಣಿಗೆ ಇಳಿದ ತಂತಿಗೆ ಹಸಿ ಬೇಕು. ಕಬ್ಬಿಣಕ್ಕೆ ಕೂತ ತಂತಿಗೆ ಹಸಿ ಆಗಬಾರದು. ಮೊದಲನೆಯದನ್ನು ಅವನು ಇಷ್ಟು ವರ್ಷ ಊರೆಲ್ಲ ಸಾರಿದ್ದ. ಎರಡನೆಯದನ್ನು ಯಾರಿಗೂ ಹೇಳಿರಲಿಲ್ಲ, ಕೇಳಿದವರೂ ಇರಲಿಲ್ಲ. ಅವನ ಒಂದು ಮಾತನ್ನಾದರೂ ಮನಸಿಟ್ಟು ಪಾಲಿಸಿದ ಒಬ್ಬಳೇ ಒಬ್ಬ ಶಿಷ್ಯೆ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನಾ ಅಂದುಕೊಂಡಿದ್ದೆ," ಅಂದ ನಿಧಾನವಾಗಿ, "ಗಾಡಿ ಹೋದ್ರ ನಿನಗ ಬಿಡುಗಡಿ ಆಗ್ತೈತಿ ಅಂತ."

"ಗಾಡಿ ಹೋದ್ರ ನೀವು ಬರೋದು ನನಗ ಹೆಂಗ ಗೊತ್ತಾಗಬೇಕು?" ಅಂದಳು ನಿಂಗಕ್ಕ. "ಹಂಚು ಯಾವಾಗ ಇಡ್ಲಿ ನಾನು?"

ಅಷ್ಟು ಹೇಳಿ, ಹೇಳಬಾರದ್ದನ್ನು ಹೇಳಿದವಳ ಹಾಗೆ ಕೊಡ ಎತ್ತಿಕೊಂಡು ಗುಂಡಿಯ ಕಡೆ ಹೋದಳು. ಪಕ್ಕೀರಪ್ಪ ಅವಳ ಬೆನ್ನನ್ನೇ ನೋಡಿದ. ಇಷ್ಟು ವರ್ಷದ ಬಿಸಿ ರೊಟ್ಟಿಗಳು ಒಂದರ ಹಿಂದೊಂದು ನೆನಪಾಗಿ, ಮೂಗು ಒರೆಸಿಕೊಂಡು, ಇನ್ನೂ ಜೋರಾಗಿ ತಿಕ್ಕಿದ.

ತಂತಿಯ ತುದಿ ಕೆಂಪಗೆ ಹೊಳೆಯಿತು. ಕಬ್ಬಿಣದ ಜಾಗವೂ ಬೆಳ್ಳಗಾಯಿತು. ಬೋಲ್ಟು ಬಿಗಿದು, ಮೇಲೆ ಗ್ರೀಸ್ ಮೆತ್ತಿದ. ಒತ್ತಿ ನೋಡಬೇಕೆಂದು ಕೈ ಎತ್ತುವಷ್ಟರಲ್ಲಿ ಓಣಿಯಲ್ಲಿ ಕಾರು ನಿಂತಿತು. ಭಾರ್ಗವ್ ಇಳಿದ, ಹಿಂದಿನಿಂದ ಶಿಲ್ಪಶ್ರೀ ಇಳಿದಳು. ಸುದ್ದಿ ತಿಳಿದು ಅಂಗಡಿ ಬಿಟ್ಟು ದ್ಯಾಮಕ್ಕ ಬಂದಳು. ಪಕ್ಕೀರಪ್ಪನ ಹೆಬ್ಬೆಟ್ಟು ಗಾಳಿಯಲ್ಲೇ ಉಳಿಯಿತು. ಇನ್ನು ಒತ್ತುವುದು ಒಂದೇ ಸಲ.

"ಏನ್ರಿ ಯಜಮಾನ್ರೆ, ಎದ್ದಾರೇನು ನಿಮ್ಮ ದೊಡ್ಡಪ್ಪ?" ಅಂದ ಭಾರ್ಗವ್. ಅವನ ಕಾರಿನ ಹಿಂದಿನ ಸೀಟಿನ ಮೇಲೆ ಎರಡು ಹೊಸ ಲಾಟೀನುಗಳಿದ್ದವು.

ಪಕ್ಕೀರಪ್ಪ ಮೀಸೆ ಒರೆಸಿಕೊಂಡ. ಗ್ರೀಸು ಮೀಸೆಗೆ ಹತ್ತಿತು. "ನಿಂಗಿ, ನೀ ಬಾ. ನೀ ಒತ್ತು."

"ನಾನ್ಯಾಕ? ಏಳಲಿಲ್ಲ ಅಂದ್ರ ಜನ್ಮಪೂರ್ತಿ ನನ್ನ ಮ್ಯಾಲೆ ಹಾಕಾಕೇನು?"

"ಕೆಟ್ರ ನಂದು. ಎದ್ರ ನಿಂದು. ಒತ್ತು."

ನಿಂಗಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಅಮ್ಮನ ಚಿತ್ರ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಪಕ್ಕೀರಪ್ಪ ಅಭ್ಯಾಸದಂತೆ ಕಣ್ಣು ಮುಚ್ಚಲು ಹೋಗಿ, ಬೇಡವೆಂದು ತೆರೆದೇ ಇಟ್ಟ. ಆಕೆಯ ಹೆಬ್ಬೆಟ್ಟು ಇಳಿಯಿತು.

ಟಿಕ್ ಅನ್ನಲಿಲ್ಲ. ಗರ್ರೆಂದು ಒಂದು ಸುತ್ತು, ಇನ್ನೊಂದು ಅರ್ಧ ಸುತ್ತು, ಒಂದು ದೊಡ್ಡ ಕೆಮ್ಮು. ಆಮೇಲೆ ಆ ಗುಡುಗುಡು ಓಣಿ ತುಂಬಿತು. ಚೆನ್ನಬಸಮ್ಮನ ಮನೆಯ ಕೋಳಿಗಳು ಕಂಪೌಂಡು ಹಾರಿದವು.

ಶಿಲ್ಪಶ್ರೀ ಬಗ್ಗಿ ನೋಡಿದಳು. "ಏನಾಗಿತ್ತಪ್ಪ ಇದಕ್ಕ, ಇಷ್ಟು ದಿನ?"

"ಅರ್ಥಿಂಗ್ ಕೆಟ್ಟಿತ್ತು."

"ಹೆಂಗ ಕೆಟ್ಟಿತು?"

ನಿಂಗಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಪಕ್ಕೀರಪ್ಪ ದೊಡ್ಡಪ್ಪನ ಟ್ಯಾಂಕಿನ ಮೇಲೆ ಕೈಯಿಟ್ಟು ಗಂಟಲು ಸರಿಮಾಡಿಕೊಂಡ.

"ಒಬ್ಬ ಲೈನ್‌ಮನ್ ಇದ್ದ. ಅಂವ ಎಲ್ಲಾರಿಗೂ ಅರ್ಧ ಪಾಠ ಹೇಳಿ ಕೆಡಿಸಿಟ್ಟಿದ್ದ."

ನಿಂಗಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅಡುಗೆಮನೆಯಿಂದ ಬಹಳ ಹೊತ್ತು ನಗು ಕೇಳಿಸುತ್ತಿತ್ತು.

ಭಾರ್ಗವ್ ಸೋತರೂ ಚಹಾ ಕುಡಿದೇ ಹೋದ. ಹೊರಡುವಾಗ ಪಕ್ಕೀರಪ್ಪ ಒಳಗಿನಿಂದ ಹಳೆಯ ಬಟ್ಟೆಯಲ್ಲಿ ಸುತ್ತಿದ ಒಂದು ವಸ್ತು ತಂದುಕೊಟ್ಟ. ಬಿಚ್ಚಿಸಿ ತಂದಿಟ್ಟಿದ್ದ ಆ ಕಿಕ್ಕರ್.

"ಇದನ್ನ ಗ್ವಾಡಿಗೆ ತೂಗು ಹಾಕ್ರಿ. ಎಂಜಿನ್ ಬ್ಯಾಡ ಅಂದಿದ್ರಲ್ಲ, ಇದಕ್ಕ ಎಂಜಿನ್ ಇಲ್ಲ. ಫೋಟೊ ತೆಗೆಸಿಕೊಳ್ಳೋರಿಗೆ ಮಂಡಿ ದೂರ ಇಡಾಕ ಹೇಳ್ರಿ."

ಲಿಂಗರಾಜ್ ಅಂಗಡಿ ಮುಚ್ಚಲಿಲ್ಲ. ದೊಡ್ಡಪ್ಪ ಎದ್ದನಲ್ಲ ಎಂದು ವಾದಿಸಿದ. ಆದರೆ ದ್ಯಾಮಕ್ಕ ಅವನಿಂದ ಒಂದು ದಿನ ಮಿರ್ಚಿ ಕರೆಸಿದಳು ಎಂದು ಸುದ್ದಿ.

ಮುಂದಿನ ಅಮಾವಾಸ್ಯೆಯ ಸಂಜೆ ಪೂಜೆಗೆ ಪಕ್ಕೀರಪ್ಪ ಕೈ ಮುಗಿದು ನಿಂತಾಗ ನಿಂಗಕ್ಕ ಕಾಯಿ ಹಿಡಿದವಳು ಒಡೆಯಲೇ ಇಲ್ಲ.

"ಕಣ್ಣು ತಗೀರಿ," ಅಂದಳು. "ನೋಡ್ಕೊಂತ ನಿಂದ್ರಿ. ನಾಳೆ ಮತ್ತ ನಾ ಏನೋ ಮಾಡಿದೆ ಅನ್ನಬ್ಯಾಡ್ರಿ."

ಅವನು ಕಣ್ಣು ತೆರೆದ. ಆಕೆ ಅಮ್ಮನಿಗೆ ಮಾತ್ರ ಕುಂಕುಮ ಇಟ್ಟಳು. ಕಾಯಿ ಒಡೆದು, ಒಂದು ಹನಿಯೂ ಕೆಳಗೆ ಬೀಳದ ಹಾಗೆ ನೀರನ್ನು ಲೋಟಕ್ಕೆ ಹಿಡಿದು ಅವನ ಮುಂದೆ ಚಾಚಿದಳು.

"ಕುಡೀರಿ. ಒಣಗಬಾರದು."

ಪಕ್ಕೀರಪ್ಪ ಲೋಟ ಖಾಲಿ ಮಾಡಿ, ಮೀಸೆ ಒರೆಸಿಕೊಂಡು, ಬಟನ್ ಒತ್ತಿದ. ಎಲ್ಲಿಗೂ ಹೋಗುವುದಿರಲಿಲ್ಲ. ಆದರೂ ಕಾಲುವೆಯ ತಿರುವಿನವರೆಗೆ ಹೋಗಿ, ನೀರನ್ನು ಒಂದಿಷ್ಟು ಹೊತ್ತು ನೋಡಿ, ದೊಡ್ಡಪ್ಪನನ್ನು ತಿರುಗಿಸಿಕೊಂಡು ಬಂದ. ಅಂಗಳಕ್ಕೆ ಬಂದು ಆರಿಸಿದಾಗ ಒಳಗೆ ಹಂಚು ಕಾಯುತ್ತಿದ್ದ ವಾಸನೆ, ಅದರ ಹಿಂದೆಯೇ ರೊಟ್ಟಿ ಬಡಿಯುವ ಸದ್ದು.